ಯಂತ್ರಕ್ಕಿಂತ ಮೊದಲು ಬಾಟಲಿ ನೋಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಮನೆಗಳಿಗೆ ಲೇಬಲ್ ಎಂಬುದು ಹೊಸ ವಸ್ತುವಲ್ಲ. ತಾಯಂದಿರು ಜಗಲಿಯಲ್ಲಿ ಕುಳಿತು ಕಟ್ಟಿದ ಬೀಡಿ ಬ್ರಾಂಚಿಗೆ ಹೋಗಿ, ಅಲ್ಲಿಂದ ಕಂಪೆನಿಗೆ ತಲುಪಿ, ಕಟ್ಟಿನ ಮೇಲೆ ಲೇಬಲ್ ಬಿದ್ದ ಬಳಿಕವೇ ಮಾರುಕಟ್ಟೆಗೆ ಹೊರಡುತ್ತದೆ. ಬೀಡಿ ಉದ್ಯಮದಲ್ಲಿ ಲೇಬಲ್ ಹಚ್ಚುವುದೇ ಒಂದು ಪ್ರತ್ಯೇಕ ಕೆಲಸ. ಆ ದುಡಿಮೆಯ ಹಣದಲ್ಲಿ ಶಾಲಾ ಶುಲ್ಕ ಕಟ್ಟಿ ಓದಿದ ಮಕ್ಕಳು ಈ ಭಾಗದಲ್ಲಿ ಅನೇಕರಿದ್ದಾರೆ.

ಈಗ ಇದೇ ಊರುಗಳಲ್ಲಿ ತೆಂಗಿನೆಣ್ಣೆ, ಜೇನು, ಪುನರ್ಪುಳಿ ಶರಬತ್ತು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಗೇರುಬೀಜದ ಪೊಟ್ಟಣ ಮೊದಲಾದುವನ್ನು ತಯಾರಿಸುವ ಸಣ್ಣ ಘಟಕಗಳಿವೆ. ಓದು ಮುಗಿಸಿದ ಮಗ ಅಥವಾ ಮಗಳು ಇಂತಹ ಘಟಕ ತೆರೆಯಲು ಹೊರಟಾಗ, ಇಂದಲ್ಲ ನಾಳೆ ಒಂದು ಪ್ರಶ್ನೆ ಎದುರಾಗುತ್ತದೆ. ಲೇಬಲ್ ಹಚ್ಚಲು ಸ್ವಯಂಚಾಲಿತ ಯಂತ್ರ ಬೇಕೆ? ಬೇಕಾದರೆ ಯಾವುದು?

ಈ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. ತೋಟದ ದಾಖಲೆಪತ್ರ ಬ್ಯಾಂಕಿನಲ್ಲಿಟ್ಟು ತಂದ ಸಾಲದಲ್ಲಿ ಯಂತ್ರ ಬರುತ್ತದೆ. ಅದು ಹೊಂದದಿದ್ದರೆ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯಡಿ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಲೇಬಲ್ ಅಂದಕ್ಕಾಗಿ ಅಲ್ಲ, ಕಾನೂನಿಗಾಗಿ. ಆಹಾರ ಪದಾರ್ಥದ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಿಗೆ ಅಥವಾ ನೋಂದಣಿ ಸಂಖ್ಯೆ ಇರಬೇಕು. ತಯಾರಕರ ವಿಳಾಸ, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಗರಿಷ್ಠ ಮಾರಾಟ ಬೆಲೆ ಇವೆಲ್ಲ ಓದಲು ಬರುವಂತಿರಬೇಕು. ಪೊಟ್ಟಣ ಸಾಮಗ್ರಿಗಳ ಕುರಿತ 2011ರ ನಿಯಮಗಳ ಪ್ರಕಾರ, ಮುದ್ರಿತ ಬೆಲೆಯನ್ನು ಏರಿಸಲು ಮೇಲೊಂದು ಚೀಟಿ ಅಂಟಿಸುವಂತಿಲ್ಲ. ಬೆಲೆ ಇಳಿಸುವ ಚೀಟಿ ಹಚ್ಚಬಹುದು, ಆದರೆ ಅದು ಮೊದಲಿನ ಬೆಲೆಯನ್ನು ಮುಚ್ಚಬಾರದು. ಸೊಟ್ಟಗೆ ಕುಳಿತ ಅಥವಾ ಮಳೆಗಾಲದಲ್ಲಿ ಕಳಚಿ ಬಿದ್ದ ಲೇಬಲ್ ಎಂದರೆ ಅಂಗಡಿಯಿಂದ ವಾಪಸು ಬರುವ ಮಾಲು ಎಂದೇ ಅರ್ಥ.

ಹಿಂಬದಿಯ ಕಾಗದ ಸುಲಿದು ಅಂಟಿಸುವ ಸ್ಟಿಕರ್ ಲೇಬಲನ್ನು 1935ರಲ್ಲಿ ಅಮೆರಿಕದ ಸ್ಟಾಂಟನ್ ಏವರಿ ಮಾರುಕಟ್ಟೆಗೆ ತಂದರು. ಇಂದು ಸಣ್ಣ ಘಟಕಗಳಲ್ಲಿ ಕಾಣುವ ಹೆಚ್ಚಿನ ಯಂತ್ರಗಳು ಈ ಸ್ಟಿಕರಿನವೇ. ಕೆಲಸದ ಕ್ರಮ ಸರಳ. ಚಲಿಸುವ ಪಟ್ಟಿಯ ಮೇಲೆ ಬಾಟಲಿ ಬರುತ್ತದೆ. ಸೆನ್ಸರ್ ಅದನ್ನು ಗುರುತಿಸುತ್ತದೆ. ಮೋಟಾರು ಲೇಬಲಿನ ಸುರುಳಿಯನ್ನು ಎಳೆಯುತ್ತದೆ. ಚೂಪು ಅಂಚಿನ ತಗಡಿನ ಬಳಿ ಹಿಂಬದಿ ಕಾಗದ ತಟ್ಟನೆ ತಿರುಗುವಾಗ ಲೇಬಲ್ ಬಿಟ್ಟುಕೊಂಡು ಬಾಟಲಿಗೆ ಅಂಟುತ್ತದೆ. ಇನ್ನೊಂದು ಸೆನ್ಸರ್ ಎರಡು ಲೇಬಲುಗಳ ನಡುವಿನ ಖಾಲಿ ಜಾಗ ನೋಡಿ ಮೋಟಾರನ್ನು ನಿಲ್ಲಿಸುತ್ತದೆ. ಪಾರದರ್ಶಕ ಲೇಬಲಾದರೆ ಸಾಮಾನ್ಯ ಬೆಳಕಿನ ಸೆನ್ಸರಿಗೆ ಈ ಸಂದು ಕಾಣದು. ಅದಕ್ಕೆ ಬೇರೆಯೇ ಸೆನ್ಸರ್ ಬೇಕು.

ಇದರ ಚಿಕ್ಕ ರೂಪ ಅರೆ ಸ್ವಯಂಚಾಲಿತ ಯಂತ್ರ. ಒಬ್ಬರು ಬಾಟಲಿಯನ್ನು ರೋಲರಿನ ಮೇಲಿಟ್ಟು ಕಾಲಿನ ಪೆಡಲ್ ಒತ್ತಿದರೆ ಸಾಕು, ಲೇಬಲ್ ಸುತ್ತಿಕೊಳ್ಳುತ್ತದೆ. ಕುಡಿಯುವ ನೀರಿನಂತಹ ಭಾರೀ ಪ್ರಮಾಣದ ಘಟಕಗಳಲ್ಲಿ ಬಿಸಿ ಅಂಟಿನಿಂದ ತೆಳು ಪ್ಲಾಸ್ಟಿಕ್ ಹಾಳೆ ಸುತ್ತುವ ಯಂತ್ರಗಳೂ, ತೋಳು ತೊಡಿಸಿ ಶಾಖದಿಂದ ಕುಗ್ಗಿಸುವ ಯಂತ್ರಗಳೂ ಇವೆ. ಗೋದಾಮಿನ ಅಗತ್ಯ ಮತ್ತೂ ಬೇರೆ. ಅಲ್ಲಿ ಪ್ರತಿ ರಟ್ಟಿನ ಪೆಟ್ಟಿಗೆಗೂ ವಿಳಾಸ, ಬ್ಯಾಚ್, ಬಾರ್‌ಕೋಡ್ ಬದಲಾಗುತ್ತಿರುವುದರಿಂದ, ಅಲ್ಲೇ ಮುದ್ರಿಸಿ ಅಲ್ಲೇ ಅಂಟಿಸುವ ಯಂತ್ರ ಬೇಕಾಗುತ್ತದೆ. ಇಂದಿನ ಬಾರ್‌ಕೋಡನ್ನು ಅಂಗಡಿಯ ಕೌಂಟರಿನಲ್ಲಿ ಮೊದಲ ಬಾರಿ ಓದಿಸಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದಲ್ಲಿ. ವಸ್ತು ಒಂದು ಚೂಯಿಂಗ್ ಗಮ್ ಪೊಟ್ಟಣ.

ಇಷ್ಟು ಬಗೆಗಳಲ್ಲಿ ಆರಿಸುವುದು ಹೇಗೆ? ಹೆಚ್ಚಿನವರು ಮಾರಾಟಗಾರನ ಪುಸ್ತಿಕೆಯ ಮೊದಲ ಸಾಲನ್ನು ನೋಡುತ್ತಾರೆ: ನಿಮಿಷಕ್ಕೆ 120 ಬಾಟಲಿ. ನಿಜವಾಗಿ ನೋಡಬೇಕಾದದ್ದು ತಮ್ಮದೇ ಬಾಟಲಿಯನ್ನು ಮತ್ತು ತಮ್ಮದೇ ದಿನದ ಲೆಕ್ಕವನ್ನು.

ಉದಾಹರಣೆಗೆ, ದಿನಕ್ಕೆ 500 ಬಾಟಲಿ ಎಣ್ಣೆ ತುಂಬಿಸುವ ಒಂದು ಘಟಕವನ್ನು ಊಹಿಸಿಕೊಳ್ಳಿ. ಒಬ್ಬರು ಕೈಯಿಂದ ನಿಮಿಷಕ್ಕೆ 6 ಲೇಬಲ್ ಹಚ್ಚಿದರೂ ಸುಮಾರು 83 ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ನಿಮಿಷಕ್ಕೆ 120ರ ಯಂತ್ರ ಇದೇ ಕೆಲಸವನ್ನು 5 ನಿಮಿಷದೊಳಗೆ ಮುಗಿಸಿ ಉಳಿದ ದಿನವೆಲ್ಲ ಸುಮ್ಮನಿರುತ್ತದೆ. ಎಣ್ಣೆ ತುಂಬುವ ಯಂತ್ರದ ವೇಗ ನಿಮಿಷಕ್ಕೆ 20 ಬಾಟಲಿ ಆಗಿದ್ದರೆ, ಲೇಬಲ್ ಯಂತ್ರಕ್ಕೆ ಎಷ್ಟೇ ವೇಗವಿದ್ದರೂ ಸಾಲಿನಿಂದ ಹೊರಬರುವುದು 20 ಮಾತ್ರ. ಸಾಲಿನಲ್ಲಿ ನಡೆಯುವವರ ವೇಗವನ್ನು ಹಿಂದುಳಿದವನೇ ನಿರ್ಧರಿಸುತ್ತಾನಲ್ಲವೆ, ಹಾಗೆ.

ಪುಸ್ತಿಕೆಯ ವೇಗವೂ ಪೂರ್ಣ ಸತ್ಯವಲ್ಲ. ಒಂದು ಸುರುಳಿಯಲ್ಲಿ 1,000 ಲೇಬಲ್ ಇದ್ದರೆ, ನಿಮಿಷಕ್ಕೆ 120ರಂತೆ ಅದು 8 ನಿಮಿಷ ಚಿಲ್ಲರೆಯಲ್ಲಿ ಖಾಲಿಯಾಗುತ್ತದೆ. ಹೊಸ ಸುರುಳಿ ಪೋಣಿಸಲು 3 ನಿಮಿಷ ಹಿಡಿದರೆ ಸರಾಸರಿ ವೇಗ 88ಕ್ಕೆ ಇಳಿಯುತ್ತದೆ. ಇಷ್ಟು ಲೆಕ್ಕ ಹಾಕಲು ಎಂಜಿನಿಯರಿಂಗ್ ಪದವಿ ಬೇಡ, ಎಂಟನೆಯ ತರಗತಿಯ ಗಣಿತ ಸಾಕು. ದಿನಕ್ಕೆ 500 ಬಾಟಲಿಯವರಿಗೆ ಒಂದು ಅರೆ ಸ್ವಯಂಚಾಲಿತ ಯಂತ್ರವೇ ಧಾರಾಳ. ಮಾಲು 5 ಸಾವಿರ ದಾಟಿ, ವರ್ಷವಿಡೀ ಆ ಬೇಡಿಕೆ ನಿಲ್ಲುತ್ತದೆಂದು ಖಚಿತವಾದಾಗ ಪೂರ್ಣ ಸ್ವಯಂಚಾಲಿತ ಯಂತ್ರದ ವಿಚಾರ ಮಾಡಬಹುದು.

ಬಾಟಲಿಯ ಆಕಾರ ಎರಡನೆಯ ವಿಷಯ. ದುಂಡು ಬಾಟಲಿಗೆ ಸುತ್ತಿ ಅಂಟಿಸುವ ಯಂತ್ರ ಬೇಕು; ಚಪ್ಪಟೆ ಬಾಟಲಿಗೆ ಎರಡೂ ಬದಿಗೆ ಅಂಟಿಸುವುದು ಬೇಕು; ಹಪ್ಪಳದ ಪೊಟ್ಟಣಕ್ಕೆ ಮೇಲಿನಿಂದ ಅಂಟಿಸುವುದು ಬೇಕು. ಮೇಲೆ ಅಗಲ, ಕೆಳಗೆ ಕಿರಿದಾದ ಬಾಟಲಿಗೆ ನೇರ ಲೇಬಲ್ ಸುತ್ತಿದರೆ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ. ಜೇನಿಗೆ ಒಂದು ಅಳತೆ, ಉಪ್ಪಿನಕಾಯಿಗೆ ಇನ್ನೊಂದು ಅಳತೆಯ ಬಾಟಲಿ ಬಳಸುವವರು, ಯಂತ್ರವನ್ನು ಒಂದರಿಂದ ಇನ್ನೊಂದಕ್ಕೆ ಹೊಂದಿಸಲು ಎಷ್ಟು ಹೊತ್ತು ಬೇಕೆಂದು ಮೊದಲೇ ಕೇಳಬೇಕು.

ಮೂರನೆಯದು ನಮ್ಮ ಹವೆ. ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಎಳೆದುಕೊಳ್ಳುತ್ತದೆ. ಎಣ್ಣೆ ಜಿನುಗಿದ ಬಾಟಲಿಗೆ, ತಣ್ಣಗಿನ ಕೋಣೆಯಿಂದ ತಂದು ಬೆವರಿದ ಬಾಟಲಿಗೆ ಯಾವ ಯಂತ್ರ ಹಚ್ಚಿದರೂ ಸ್ಟಿಕರ್ ನಿಲ್ಲದು. ಒರೆಸಿ ಒಣಗಿಸುವ ವ್ಯವಸ್ಥೆ, ಕಾಗದದ ಬದಲು ಪ್ಲಾಸ್ಟಿಕ್ ಹಾಳೆಯ ಲೇಬಲ್, ಅದಕ್ಕೆ ತಕ್ಕ ಅಂಟು ಇವನ್ನು ಮೊದಲು ನಿಶ್ಚಯಿಸಬೇಕು. ಯಂತ್ರವನ್ನು ದೂರುವ ಅನೇಕ ಸಂದರ್ಭಗಳಲ್ಲಿ ತಪ್ಪು ಲೇಬಲಿನದ್ದಾಗಿರುತ್ತದೆ.

ಕೊಳ್ಳುವ ಮುನ್ನ ಮಾಡಬೇಕಾದ ಒಂದು ಪರೀಕ್ಷೆ ಇದೆ. ಅಹಮದಾಬಾದಿನಲ್ಲೇ ಇರಲಿ, ಬೆಂಗಳೂರಿನಲ್ಲೇ ಇರಲಿ, ತಯಾರಕರಲ್ಲಿಗೆ ತಮ್ಮ ತುಂಬಿದ ಬಾಟಲಿಗಳನ್ನೂ ತಮ್ಮದೇ ಲೇಬಲ್ ಸುರುಳಿಯನ್ನೂ ಕಳುಹಿಸಿ, ಅಥವಾ ಸ್ವತಃ ಒಯ್ದು, ಒಂದು ಗಂಟೆ ಓಡಿಸಿ ನೋಡಬೇಕು. 200ರಲ್ಲಿ ಎಷ್ಟು ಸೊಟ್ಟ, ಎಷ್ಟು ಸುಕ್ಕು ಎಂದು ಎಣಿಸಬೇಕು. ದಿನಾಂಕ ಮುದ್ರಿಸುವ ಕೋಡರ್ ಜತೆಗೇ ಬರುತ್ತದೆಯೇ? ಸಿಂಗಲ್ ಫೇಸ್ ವಿದ್ಯುತ್ ಸಾಕೇ? ವೋಲ್ಟೇಜ್ ಏರಿಳಿದರೆ ಸೆನ್ಸರಿಗೆ ರಕ್ಷಣೆ ಇದೆಯೇ? ಕೆಟ್ಟರೆ ಮೆಕ್ಯಾನಿಕ್ ಎಲ್ಲಿಂದ, ಎಷ್ಟು ದಿನಗಳಲ್ಲಿ ಬರುತ್ತಾನೆ? ಇವಕ್ಕೆ ಉತ್ತರ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಪಡೆಯಬೇಕು.

ಹೆತ್ತವರು ಗಮನಿಸಬೇಕಾದ ಇನ್ನೊಂದು ಮಾತು ಸಹಾಯಧನದ್ದು. 2020ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಇಂತಹ ನೆರವು ಒಳ್ಳೆಯದೇ. ಆದರೆ ಸಹಾಯಧನ ಹೆಚ್ಚು ಸಿಗಲೆಂದು ದೊಡ್ಡ ಯಂತ್ರ ತರಿಸಿದರೆ, ಉಳಿದ ಭಾಗದ ಸಾಲವೂ ಅಷ್ಟೇ ದೊಡ್ಡದಾಗುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಸ್ವಂತ ಉದ್ಯೋಗದ ತರಬೇತಿಗೆಂದು 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಉಜಿರೆಯಲ್ಲೇ ಇದೆ. ಸಾಲದ ಅರ್ಜಿಗೆ ಮೊದಲು ಅಂತಹ ಕಡೆ ಲೆಕ್ಕ ತೋರಿಸಿ ವಿಚಾರಿಸುವುದು ಜಾಣತನ.

ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಅವಕಾಶ ಅಡಗಿದೆ. ಮೂಡುಬಿದಿರೆಯ ಎಸ್.ಎನ್.ಎಂ., ಉಜಿರೆಯ ಎಸ್.ಡಿ.ಎಂ., ಬಂಟ್ವಾಳದ ಸರಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಓದುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ದೂರ ಹೋಗಬೇಕಾಗಿಲ್ಲ. ಹತ್ತಿರದ ಎಣ್ಣೆ ಗಾಣಕ್ಕೋ ಉಪ್ಪಿನಕಾಯಿ ಘಟಕಕ್ಕೋ ಹೋಗಿ ಒಂದು ವಾರ ಎಣಿಸಬಹುದು: ದಿನಕ್ಕೆ ಎಷ್ಟು ಬಾಟಲಿ, ಎಷ್ಟು ಅಳತೆ, ಎಷ್ಟು ಲೇಬಲ್ ಹಾಳು, ಎಷ್ಟು ಹೊತ್ತು ವಿದ್ಯುತ್ ಇಲ್ಲ. ಸೆನ್ಸರ್, ಮೋಟಾರು, ಅವನ್ನು ನಿಯಂತ್ರಿಸುವ ಪಿ.ಎಲ್.ಸಿ. ಇವು ಪಠ್ಯದಲ್ಲಿ ಇದ್ದೇ ಇವೆ. ಐ.ಟಿ.ಐ. ಕಲಿತ ಹುಡುಗ ಸೆನ್ಸರ್ ಹೊಂದಿಸಲು ಬಲ್ಲವನಾದರೆ, ಅಹಮದಾಬಾದಿನ ಮೆಕ್ಯಾನಿಕ್‌ಗಾಗಿ ಕಾಯುವ ಕಷ್ಟ ಊರಿಗೆ ತಪ್ಪುತ್ತದೆ. ಅವನಿಗೆ ಊರಿನಲ್ಲೇ ಕೆಲಸ ಸಿಗುತ್ತದೆ.

ಯಂತ್ರ ಬಂದ ಮೇಲೂ ಕೈಗಳು ಬೇಕು. ಬಾಟಲಿ ಇಡಲು, ಬಂದದ್ದನ್ನು ತೆಗೆದು ದಿನಾಂಕ ಸರಿಯಿದೆಯೇ ಎಂದು ನೋಡಲು ಜನ ಇರಲೇಬೇಕು. ನಿನ್ನೆಯವರೆಗೆ ಲೇಬಲ್ ಹಚ್ಚುತ್ತಿದ್ದ ಹೆಣ್ಣುಮಗಳಿಗೆ ಈ ತಪಾಸಣೆಯ ಕೆಲಸ ಕಲಿಸಿದರೆ ಆಕೆಯ ಸಂಬಳವೂ ಉಳಿಯುತ್ತದೆ, ಮಾಲಿನ ಮಾನವೂ ಉಳಿಯುತ್ತದೆ. ಯಾವ ಲೇಬಲ್ ಯಾವ ಬಾಟಲಿಯಲ್ಲಿ ನಿಲ್ಲುತ್ತದೆ, ಯಾವುದರಲ್ಲಿ ಕಳಚುತ್ತದೆ ಎಂಬುದು ಆ ಕೈಗಳಿಗೆ ಮೊದಲೇ ತಿಳಿದಿರುತ್ತದೆ. ಯಂತ್ರ ಕೊಳ್ಳಲು ಹೊರಟವರು ಮಾರಾಟಗಾರನನ್ನು ಕೇಳುವ ಮೊದಲು ಆಕೆಯನ್ನು ಕೇಳುವುದು ಒಳಿತು.