ಮೊಬೈಲ್ ಕಿತ್ತಿಟ್ಟರೆ ಸಾಲದು

ಮೊಬೈಲ್ ಕಿತ್ತಿಟ್ಟರೆ ಹತ್ತನೇ ತರಗತಿಯ ಮಕ್ಕಳು ತಾವಾಗಿಯೇ ಓದುತ್ತಾರೆ ಎಂಬ ವಾದ, ಗಮನದ ಕೊರತೆಯ ತೊಂದರೆಯಾದ ಎಡಿಎಚ್‌ಡಿ ಇರುವ ಮಕ್ಕಳ ಮಟ್ಟಿಗೆ ಶುದ್ಧ ತಪ್ಪು. ಲೆಕ್ಕ ಅರ್ಧಕ್ಕೇ ನಿಂತು, ನೋಟ್ಸ್ ಪೂರ್ತಿಯಾಗದೆ, ಎಲ್ಲರೆದುರು ಬೈಸಿಕೊಂಡು ಮನೆಗೆ ಬಂದ ಹುಡುಗನಿಗೆ ಗೇಮ್‌ನಲ್ಲಿ ನಿಮಿಷಕ್ಕೊಂದು ಗೆಲುವು ಸಿಗುತ್ತದೆ. ಶಾಲೆಯಲ್ಲಿ ವಾರಕ್ಕೊಂದೂ ಸಿಗುವುದಿಲ್ಲ. ತಡರಾತ್ರಿಯ ಆಟ ನಿದ್ದೆಗೆಡಿಸಿ ಗಮನವನ್ನು ಇನ್ನಷ್ಟು ಹಾಳುಮಾಡುತ್ತದೆ, ನಿಜ. ಮಿತಿ ಬೇಕೇ ಬೇಕು. ಆದರೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆಯನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ. ತಂತ್ರಜ್ಞಾನದ ಅತಿಬಳಕೆಯ ಚಿಕಿತ್ಸೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆದಿದೆ. ಪೋಷಕರೇ, ಚಾರ್ಜರ್ ಬಚ್ಚಿಡುವ ಮೊದಲು ಮಗುವನ್ನು ತಜ್ಞರಿಗೆ ತೋರಿಸಿ. ಶಿಕ್ಷಕರೇ, ಇಂಥ ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಹೋಂವರ್ಕ್ ಸ್ವಲ್ಪ ಸ್ವಲ್ಪವಾಗಿ ಕೊಡಿ.