ಟನ್ನಿನ ಲೆಕ್ಕ ಬರೆಯೋರು ಕೇರಿಯ ಲೆಕ್ಕವನ್ನೂ ಬರೆಯಲಿ



ಸ್ವಲ್ಪ ಉದ್ದದ ಬರಹ, ಪೂರ್ತಿ ಓದಿ. ಹಸಿರು ಹೈಡ್ರೋಜನ್, ಕಾರ್ಬನ್ ಕ್ಯಾಪ್ಚರ್ ಅಂದ ಕೂಡ್ಲೇ ಇದು ಇಂಜಿನಿಯರುಗಳ ವಿಷಯ, ನಮಗ್ಯಾಕೆ ಅಂತ ಸರಿಸಿ ಮುಂದೆ ಹೋಗಬೇಡಿ.

ವಿಷಯ ಇಷ್ಟು. ಅದಿರಿನಿಂದ ಕಬ್ಬಿಣ ತೆಗೆಯೋಕೆ ಕಲ್ಲಿದ್ದಲು ಬೇಕು. ಹಾಗೆ ಒಂದು ಟನ್ ಉಕ್ಕು ಮಾಡಿದ್ರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ. ಕಲ್ಲಿದ್ದಲಿನ ಬದಲು ಹೈಡ್ರೋಜನ್ ಕೊಟ್ರೆ ಹೊಗೆ ಬದಲು ನೀರಿನ ಆವಿ ಬರುತ್ತೆ. ಅದು ಆಗದ ಕಡೆ, ಚಿಮಣಿಯ ಹೊಗೆಯನ್ನ ರಾಸಾಯನಿಕ ದ್ರಾವಣದಲ್ಲಿ ಹಾಯಿಸಿ, ಇಂಗಾಲದ ಅನಿಲವನ್ನ ಬೇರೆ ಮಾಡಿ, ಒತ್ತಿ, ಪೈಪಿನಲ್ಲಿ ಸಾಗಿಸಿ ಭೂಮಿಯೊಳಗೆ ತುಂಬೋದು. ಅದೇ ಕಾರ್ಬನ್ ಕ್ಯಾಪ್ಚರ್. 2026ರ ಜನವರಿಯಿಂದ ಯುರೋಪಿಗೆ ಹೋಗೋ ಉಕ್ಕಿನ ಮೇಲೆ ಕಾರ್ಬನ್ ಸುಂಕದ ಲೆಕ್ಕ ಶುರುವಾಗಿದೆ. ಕಂಪನಿಗಳಿಗೆ ಅವಸರ ಬಂದಿರೋದು ಅದಕ್ಕೂ ಹೌದು.

ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲೇ ನೋಡಿ. ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಅಂತ ವರ್ಷಕ್ಕೆ 3,800 ಟನ್ ಸಾಮರ್ಥ್ಯದ ಹಸಿರು ಹೈಡ್ರೋಜನ್ ಘಟಕ ಕಟ್ಟಿದ್ದಾರೆ. ಕೇಳೋಕೆ ದೊಡ್ಡದು. ಆದ್ರೆ ಒಂದು ಟನ್ ಉಕ್ಕಿಗೆ 50ರಿಂದ 60 ಕೆಜಿ ಹೈಡ್ರೋಜನ್ ಬೇಕು. ಲೆಕ್ಕ ಹಾಕಿ ನೋಡಿದ್ರೆ ಆ ಘಟಕದಿಂದ ಸುಮಾರು 70 ಸಾವಿರ ಟನ್ ಉಕ್ಕು ಆಗಬಹುದು ಅಷ್ಟೇ. ಕಾರ್ಖಾನೆಯ ಸಾಮರ್ಥ್ಯ ಒಂದೂವರೆ ಕೋಟಿ ಟನ್ ಮೀರಿದೆ. ನೂರಕ್ಕೆ ಅರ್ಧ ಪಾಲೂ ಅಲ್ಲ. ಅಂದ್ರೆ ನಿಜವಾದ ಕೆಲಸ ಇನ್ನು ಮುಂದೆ ಬರೋದು. ಅದನ್ನ ಬರೆಯೋರು ಯಾರು ಅನ್ನೋದೇ ನನ್ನ ಪ್ರಶ್ನೆ.

ಬರೆಯೋದು ಕನ್ಸಲ್ಟೆನ್ಸಿಗಳು. ಪೈಪು ಎಲ್ಲಿ ಹಾಯಬೇಕು, ಟ್ಯಾಂಕು ಎಲ್ಲಿ ಕೂರಬೇಕು, ಕಾಯಂ ಎಷ್ಟು ಜನ, ಗುತ್ತಿಗೆ ಎಷ್ಟು ಜನ, ಎಲ್ಲ ಮಂತ್ರಿ ನೋಡೋಕೆ ಮುಂಚೆ ಡಿಪಿಆರ್‌ನಲ್ಲಿ ಬರೆದು ಮುಗಿದಿರುತ್ತೆ. ನೀತಿಯೂ ಅಷ್ಟೇ. 2022ರ ನವೆಂಬರ್‌ನಲ್ಲಿ ಕಾರ್ಬನ್ ಕ್ಯಾಪ್ಚರ್ ಬಗ್ಗೆ ನೀತಿ ಆಯೋಗ ಹೊರತಂದ ವರದಿ ತಯಾರಿಸಿದ್ದು ದಸ್ತೂರ್ ಎನರ್ಜಿ ಅನ್ನೋ ಕನ್ಸಲ್ಟೆನ್ಸಿ.

ನಾನು ಗುಮಾಸ್ತ. ಡಿಪಿಆರ್‌ಗಳನ್ನ ಇನ್‌ವರ್ಡ್ ಮಾಡಿ, ಪುಟಸಂಖ್ಯೆ ಹಾಕಿ, ಕಡತಕ್ಕೆ ಸೇರಿಸೋದೇ ನನ್ನ ಕೆಲಸ. ನನ್ನ ಟೇಬಲ್ ಮೇಲೆ ಹಾದುಹೋದವುಗಳಲ್ಲಿ ಯಂತ್ರಕ್ಕೆ ನೂರಾರು ಪುಟ. ಮನುಷ್ಯರು ಬರೋದು ವೆಚ್ಚದ ಕೋಷ್ಟಕದಲ್ಲಿ, ‘ಕೌಶಲ್ಯರಹಿತ ಕಾರ್ಮಿಕರು, ಗುತ್ತಿಗೆ ಮೂಲಕ’ ಅಂತ. ಆ ಒಂದು ಸಾಲಿನೊಳಗೆ ನಮ್ಮ ಹುಡುಗರಿರ್ತಾರೆ.

ಈಗ ಜೀವದ ಮಾತು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಣ್ಣ ಇಲ್ಲ, ವಾಸನೆ ಇಲ್ಲ. ಸೋರಿದ್ರೆ ನೀರಿನ ಹಾಗೆ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತೆ. 1986ರಲ್ಲಿ ಕ್ಯಾಮರೂನ್ ದೇಶದ ನಿಯೋಸ್ ಕೆರೆಯಿಂದ ತಾನಾಗೇ ಎದ್ದ ಈ ಅನಿಲ ಕಣಿವೆಗಿಳಿದು ಒಂದೇ ರಾತ್ರಿ ಸುಮಾರು 1,700 ಜನರನ್ನ ಕೊಂದಿತು. ಅದು ಪ್ರಕೃತಿ ಅಂತ ಬಿಡಿ. 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪಿಯ ಸಟಾರ್ಷಿಯಾ ಊರಿನ ಹತ್ತಿರ ಒಡೆದಿದ್ದು ಕಂಪನಿಯ ಪೈಪ್‌ಲೈನು. ಯಾರೂ ಸಾಯಲಿಲ್ಲ, ಆದ್ರೆ 45 ಜನ ಆಸ್ಪತ್ರೆ ಸೇರಿದ್ರು. ಆಮ್ಲಜನಕ ಇಲ್ಲದೆ ಕಾರುಗಳೇ ದಾರಿಯಲ್ಲಿ ನಿಂತುಹೋದವು.

ನಮ್ಮ ಊರುಗಳಲ್ಲಿ ತಗ್ಗಿನಲ್ಲಿ ಯಾರಿದ್ದಾರೆ? ಊರಿನ ಚರಂಡಿ ನೀರು ಎಲ್ಲಿಗೆ ಬಂದು ನಿಲ್ಲುತ್ತೋ ಅಲ್ಲಿ ಕೇರಿ. ಭೂಮಿಯ ಏರುತಗ್ಗು ನಕ್ಷೆ ಕನ್ಸಲ್ಟೆನ್ಸಿಯವರ ಹತ್ತಿರ ಇದ್ದೇ ಇರುತ್ತೆ. ಅದರ ಮೇಲೆ ಕೇರಿಗಳನ್ನ ಗುರುತು ಮಾಡೋಕೆ ಏನು ಕಷ್ಟ? ಪೈಪು ಹೂತ ಮೇಲೆ ಕೇಳಿದ್ರೆ ನಮಗೆ ಉಳಿಯೋದು ಪರಿಹಾರದ ಅರ್ಜಿ ಅಷ್ಟೇ.

ಇನ್ನು ಒಳಗೆ ದುಡಿಯೋರು. ಗ್ಯಾಸ್ ಅಂದ್ರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. 2013ರ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲ್‌ಗೆ ಇಳಿದವರು ಹೆಣವಾಗಿ ಮೇಲೆ ಬಂದಿದ್ದಾರೆ. ಒಬ್ಬ ಬೀಳ್ತಾನೆ, ಎತ್ತೋಕೆ ಹೋದ ಇನ್ನೊಬ್ಬನೂ ಬೀಳ್ತಾನೆ. ಕಾರ್ಖಾನೆಯ ಟ್ಯಾಂಕಿನೊಳಗೂ ಸಾವು ಹೀಗೇ ಬರುತ್ತೆ. ಹೈಡ್ರೋಜನ್ ಇನ್ನೊಂದು ಥರ: ಹೊತ್ತಿಕೊಂಡ್ರೆ ಆ ಉರಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ. ಹಾಗಾಗಿ ಗ್ಯಾಸ್ ಪತ್ತೆಯ ಮೀಟರು ಇಂಜಿನಿಯರ್ ಜೇಬಿಗೆ ಮಾತ್ರ ಅಲ್ಲ, ಗುತ್ತಿಗೆ ಕೂಲಿಯ ಎದೆ ಮೇಲೂ ಇರಬೇಕು. ಅದರ ಖರ್ಚು ಡಿಪಿಆರ್‌ನಲ್ಲೇ ಬರಬೇಕು.

ನೀರಿನ ವಿಷಯದಲ್ಲಿ ಸುಮ್ಮನೆ ಕೂಗಾಡೋದು ಬೇಡ. ಒಂದು ಕೆಜಿ ಹೈಡ್ರೋಜನ್‌ಗೆ 9 ಲೀಟರ್, ಶುದ್ಧೀಕರಣ, ತಂಪು ಮಾಡೋದು ಸೇರಿದ್ರೆ ಅದಕ್ಕಿಂತ ಜಾಸ್ತಿ. ಉಕ್ಕಿನ ಕಾರ್ಖಾನೆ ಈಗಾಗಲೇ ಕುಡಿಯೋ ನೀರಿನ ಮುಂದೆ ಅದು ಸಣ್ಣದು.

ದುಡ್ಡು ಸಣ್ಣದಲ್ಲ. 2023ರ ಜನವರಿಯಲ್ಲಿ ಕೇಂದ್ರ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್ನಿಗೆ 19,744 ಕೋಟಿ. ಅದರಲ್ಲಿ 17,490 ಕೋಟಿ ಉತ್ಪಾದಕರಿಗೆ ಪ್ರೋತ್ಸಾಹಧನ. ಬೆಂಕಿಪೊಟ್ಟಣ ಕೊಂಡ ಕೂಲಿಯವನ ಜಿಎಸ್‌ಟಿಯೂ ಇದರಲ್ಲಿದೆ. ಮೆಕಾನ್, ಎಂಜಿನಿಯರ್ಸ್ ಇಂಡಿಯಾದಂಥ ಸರ್ಕಾರಿ ಕನ್ಸಲ್ಟೆನ್ಸಿಗಳ ನೇಮಕಾತಿಯಲ್ಲಿ ಮೀಸಲಾತಿ ಇದೆ. ಖಾಸಗಿಯವರು ನಮಗೆ ಅನ್ವಯಿಸಲ್ಲ ಅಂತಾರೆ. ಮೀಸಲಾತಿ ಬೇಡ ಅನ್ನೋರು ಪ್ರೋತ್ಸಾಹಧನವೂ ಬೇಡ ಅನ್ನಲಿ ನೋಡೋಣ!

ನಾವು ಯಂತ್ರದ ವಿರೋಧಿಗಳಲ್ಲ. 1942ರಿಂದ 46ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಬಾಬಾಸಾಹೇಬರು ಕಾರ್ಮಿಕರ ಜೊತೆಗೆ ನೀರಾವರಿ, ವಿದ್ಯುತ್ ಖಾತೆಗಳನ್ನೂ ನೋಡ್ತಿದ್ರು. ಕೂಲಿಯೂ ಕರೆಂಟೂ ಒಂದೇ ಮೇಜಿನ ಮೇಲೆ. ಈ ಹೊಸ ಕೆಲಸದಲ್ಲಿ ನಮ್ಮ ಐಟಿಐ, ಡಿಪ್ಲೊಮಾ ಮಕ್ಕಳಿಗೆ ತರಬೇತಿ ಮತ್ತು ಕಾಯಂ ಹುದ್ದೆ ಬೇಕು, ಗೇಟಿನ ಹೊರಗಿನ ಗುಡಿಸೋ ಗುತ್ತಿಗೆ ಅಲ್ಲ.

ನಿಮ್ಮ ಕಡೆ ಕಾರ್ಖಾನೆ ವಿಸ್ತರಣೆಗೆ ಪರಿಸರ ಸಾರ್ವಜನಿಕ ಅಹವಾಲು ಸಭೆ ಕರೆದ್ರೆ ತಪ್ಪದೆ ಹೋಗಿ. 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಬಾಯಲ್ಲಿ ಹೇಳಿ ಬರಬೇಡಿ. ಕೇರಿ ನಕ್ಷೆ, ಗ್ಯಾಸ್ ಮೀಟರು, ನೇಮಕಾತಿ, ಮೂರನ್ನೂ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅರ್ಜಿಯ ಮಾದರಿ ಬೇಕಾದೋರು ಕಮೆಂಟ್ ಮಾಡಿ, ಭಾನುವಾರ ಟೈಪ್ ಮಾಡಿ ಕಳಿಸ್ತೀನಿ.