ಹಾಲಿಗೆ ಮೀಟರ್ ಇದೆ, ಆಕಳಿಗೆ ಯಾಕಿಲ್ಲ?

ನಂದಿನಿ ಹಾಲಿನ ದರ ಏರಿದಾಗಲೆಲ್ಲ ದೊಡ್ಡ ಚರ್ಚೆ ಏಳುತ್ತದೆ. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದಾಗಲೂ ರೈತನಿಗೆಷ್ಟು, ಒಕ್ಕೂಟಕ್ಕೆಷ್ಟು, ಗ್ರಾಹಕನಿಗೆಷ್ಟು ಹೊರೆ ಎಂದು ಎಲ್ಲರೂ ಲೆಕ್ಕ ಹಾಕಿದರು. ಆದರೆ ಹಾಲು ಕೊಡುವ ಆಕಳೇ ಈದ ಎರಡು ಮೂರು ದಿನದಲ್ಲಿ ಏಳಲಾರದೆ ಕುಂತುಬಿಟ್ಟರೆ ಆಗುವ ನಷ್ಟ ಯಾವ ಲೆಕ್ಕಕ್ಕೂ ಬರಲಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಮೆಣಸಿನಕಾಯಿ ದರ ಕುಸಿದಾಗ ಏನಾಗುತ್ತದೆಂದು 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳು ಸುಟ್ಟಾಗ ನೋಡಿದ್ದೇವೆ. ಮೆಣಸಿನಕಾಯಿ, ಗೋವಿನಜೋಳದ ದುಡ್ಡು ಸುಗ್ಗಿಗೆ ಬರುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಬರುವ ಹಾಲಿನ ಬಿಲ್ಲಿನಲ್ಲೇ ಕಿರಾಣಿ, ಕಾಲೇಜಿನ ಫೀ ಎಲ್ಲ ನಡೆಯಬೇಕು. ನಮ್ಮ ಮನೆಯೂ ಹೀಗೇ.

ಆಕಳು ಕುಸಿಯುವ ಈ ರೋಗಕ್ಕೆ ಹಾಲು ಜ್ವರ ಎನ್ನುತ್ತಾರೆ. ಹೆಸರಿಗಷ್ಟೇ ಜ್ವರ, ಮೈ ತಣ್ಣಗಾಗಿರುತ್ತದೆ. ದೊಡ್ಡ ಆಕಳೊಂದರ ರಕ್ತದ ದ್ರವಭಾಗದಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ. 10 ಲೀಟರ್ ಗಿಣ್ಣದ ಹಾಲಿನಲ್ಲಿ ಹೋಗುವುದು 20 ಗ್ರಾಂಗೂ ಹೆಚ್ಚು. ಮೂಳೆ ಮತ್ತು ಮೇವಿನಿಂದ ಅದು ಬೇಗ ತುಂಬದಿದ್ದರೆ ಸ್ನಾಯುಗಳು ಸೋಲುತ್ತವೆ. ಮೂರನೇ ಸೂಲು ದಾಟಿದ, ಹೆಚ್ಚು ಹಾಲು ಕೊಡುವ ಮಿಶ್ರತಳಿ ಆಕಳುಗಳಿಗೆ ಅಪಾಯ ಹೆಚ್ಚು.

ಕುಸಿದ ಆಕಳು ಕಣ್ಣಿಗೆ ಕಾಣುತ್ತದೆ. ಕಾಣದ ಕೊರತೆಯೇ ಹೆಚ್ಚಿನ ಪೆಟ್ಟು ಕೊಡುವುದು. ಆಕಳು ನಿಂತಿರುತ್ತದೆ, ಆದರೆ ಮೇವು ಕಡಿಮೆ ತಿನ್ನುತ್ತದೆ, ಮಾಸು ಬೀಳುವುದು ತಡವಾಗುತ್ತದೆ, ಗರ್ಭಕೋಶಕ್ಕೆ ಸೋಂಕು ತಗಲುತ್ತದೆ, ಮತ್ತೆ ಗಬ್ಬ ನಿಲ್ಲುವುದು ಮುಂದೆ ಹೋಗುತ್ತದೆ. ಇದನ್ನು ಹಿಡಿಯಲು ರಕ್ತ ಪರೀಕ್ಷೆಯೊಂದೇ ದಾರಿ. ಮಾದರಿ ಪೇಟೆಯ ಲ್ಯಾಬಿಗೆ ಹೋಗಿ ವರದಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈಗ ಕೈಯಲ್ಲಿ ಹಿಡಿಯುವ ಸಣ್ಣ ಮೀಟರ್‌ಗಳು ಬಂದಿವೆ. ಕೆಲವು ಹನಿ ರಕ್ತ ಸಾಕು, ಕೆಲವೇ ನಿಮಿಷದಲ್ಲಿ ಕೊಟ್ಟಿಗೆಯಲ್ಲೇ ಅಂಕಿ ಸಿಗುತ್ತದೆ.

ಹಾಗೆಂದು ಮನೆಮನೆಗೂ ಮೀಟರ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಈದ ಮೊದಲ ದಿನ ಬಹುತೇಕ ಆಕಳುಗಳಲ್ಲಿ ಕ್ಯಾಲ್ಸಿಯಂ ಇಳಿದು ತಾನೇ ಚೇತರಿಸಿಕೊಳ್ಳುತ್ತದೆ. ನಾಲ್ಕನೇ ದಿನವೂ ಕಡಿಮೆ ಇದ್ದರೆ ಅದು ನಿಜವಾದ ಎಚ್ಚರಿಕೆ. ಅಂಕಿ ಓದಲು ತಿಳಿಯದವರ ಕೈಗೆ ಮೀಟರ್ ಸಿಕ್ಕರೆ ಬಾಟಲಿ ಮಾರುವವರಿಗಷ್ಟೇ ಲಾಭ. ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಅವಸರದಲ್ಲಿ ಏರಿಸಿದರೆ ಆಕಳಿನ ಹೃದಯವೇ ನಿಲ್ಲಬಹುದು.

ಹೊರದೇಶದ ದೊಡ್ಡ ಫಾರ್ಮಿನವರು ಒಂದೇ ಕೊಟ್ಟಿಗೆಯ ಹತ್ತು ಹನ್ನೆರಡು ಆಕಳುಗಳನ್ನು ಪರೀಕ್ಷಿಸಿ, ತಪ್ಪು ಮೇವಿನಲ್ಲಿದೆಯೇ ಎಂದು ತಿಳಿಯುತ್ತಾರೆ. ನಮ್ಮಲ್ಲಿ ಮನೆಗೆ ಎರಡೋ ಮೂರೋ ಆಕಳು. ಆದ್ದರಿಂದ ನಮಗೆ ಇಡೀ ಊರೇ ಒಂದು ಕೊಟ್ಟಿಗೆ, ಹಾಲಿನ ಸಂಘವೇ ಅದರ ಬಾಗಿಲು. ಸಂಘದಲ್ಲಿ ಯಾರ ಮನೆಯ ಆಕಳು ಯಾವಾಗ ಈದಿತು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಧಾರವಾಡದಿಂದ ಬೇರ್ಪಟ್ಟು ಸ್ವಂತ ಕಾಲ ಮೇಲೆ ನಿಂತಿರುವ ಹಾವೇರಿ ಹಾಲು ಒಕ್ಕೂಟ ತಾಲ್ಲೂಕಿಗೆ ಒಂದೆರಡು ಮೀಟರ್ ಕೊಂಡು ಪಶುವೈದ್ಯರ ಕೈಗೆ ಕೊಡಲಿ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನದಲ್ಲೂ ಒಂದಿರಲಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಆ ಅಂಕಿಗಳನ್ನು ನೋಡಿ ಗಬ್ಬದ ಆಕಳಿನ ಮೇವಿನ ಬಗ್ಗೆ ಊರಿಗೇ ಸಲಹೆ ಕೊಡಬಹುದು. ಈಯುವ ಮುಂಚಿನ ವಾರಗಳಲ್ಲಿ ಅತಿಯಾಗಿ ಕ್ಯಾಲ್ಸಿಯಂ ತಿನ್ನಿಸಿದರೆ ಮೂಳೆಯಿಂದ ಅದನ್ನು ತೆಗೆದುಕೊಳ್ಳುವ ದೇಹದ ಶಕ್ತಿಯೇ ಮಂದವಾಗುತ್ತದೆ ಎಂಬುದು ಎಷ್ಟು ಮನೆಗಳಿಗೆ ಗೊತ್ತು?

ಆಕಳು ಈಗಾಗಲೇ ಕುಂತಿದ್ದರೆ ಮೀಟರ್‌ಗೆ ಕಾಯಬಾರದು, ತಕ್ಷಣ ಡಾಕ್ಟರನ್ನು ಕರೆಯಬೇಕು. ಮೀಟರ್ ಇರುವುದು ಮುಂದಿನ ಆಕಳು ಕುಸಿಯದಿರಲಿ ಎಂದು. ದಿನಕ್ಕೆರಡು ಸಲ ಫ್ಯಾಟ್, ಎಸ್‌ಎನ್‌ಎಫ್ ಅಳೆದು ನಮ್ಮ ಹಾಲಿಗೆ ದರ ಕಟ್ಟುವ ಸಂಘ, ಸೂಲಿಗೊಮ್ಮೆ ಆಕಳಿನ ರಕ್ತವನ್ನೂ ಅಳೆಯಲಿ. ಮುಂದಿನ ವಾರ್ಷಿಕ ಸಭೆಯಲ್ಲಿ ದರದ ಪ್ರಶ್ನೆಯ ಜತೆಗೆ ಈ ಪ್ರಶ್ನೆಯನ್ನೂ ನಮ್ಮಂಥ ಯುವಕರು ಎದ್ದುನಿಂತು ಕೇಳಬೇಕು.